ಅಜ್ಜನ ಬಾಪ ಯಾವ ಊರಿನವರು? ಒಬ್ಬರೇ ಹುಡುಕಿದರೆ ಸಿಗದು

ನಮ್ಮಲ್ಲಿ ಮದುವೆಯ ಮಾತುಕತೆ ಶುರುವಾದರೆ ಸಾಕು, "ನಿಮ್ಮ ಅಜ್ಜನ ಊರು ಯಾವುದು, ಅಜ್ಜಿ ಯಾವ ಮನೆಯವರು?" ಎಂಬ ಪ್ರಶ್ನೆ ಬರುತ್ತದೆ. ಅಜ್ಜನವರೆಗೆ ಉತ್ತರ ಸಲೀಸು. ಅಜ್ಜನ ಬಾಪನ ಹೆಸರು ಕೇಳಿದರೆ ಹೆಚ್ಚಿನವರು ತಡವರಿಸುತ್ತೇವೆ. ಅದನ್ನು ಬಲ್ಲವರು ಕುಟುಂಬಕ್ಕೆ ಒಬ್ಬರೋ ಇಬ್ಬರೋ ಉಳಿದಿದ್ದಾರೆ, ಅವರಿಗೂ ವಯಸ್ಸಾಯಿತು.

ಈಗ ಕೆಲವು ಯುವಕರು ವಂಶವೃಕ್ಷ ಬರೆಯಲು ಕೂತಿರುವುದು ಖುಷಿಯ ಸಂಗತಿ. ಆದರೆ "ನಮ್ಮ ಹಿರಿಯರ ಬಗ್ಗೆ ಗೊತ್ತಿದ್ರೆ ಹೇಳಿ" ಎಂದು ಸಿಕ್ಕವರಲ್ಲೆಲ್ಲ ಕೇಳಿದರೆ ಯಾರು ತಾನೇ ಏನು ಹೇಳಿಯಾರು? ಹೀಗೆ ಕೇಳಿ ನೋಡಿ: "ಅಜ್ಜನ ಹೆಸರು ಮೊಯಿದ್ದೀನ್, ಮನೆಯಲ್ಲಿ ಮೊಯ್ದು ಎನ್ನುತ್ತಿದ್ದರು. ಪಾಣೆಮಂಗಳೂರಿನಲ್ಲಿ ಒಣಮೀನಿನ ವ್ಯಾಪಾರ. ದೊಡ್ಡ ನೆರೆ ಬಂದ ವರ್ಷ ತೀರಿಕೊಂಡರು. ಅವರ ತಮ್ಮನ ಮಕ್ಕಳು ಎಲ್ಲಿದ್ದಾರೆ?" ಇದಕ್ಕೆ ಉತ್ತರ ಬರುವ ಸಾಧ್ಯತೆ ಉಂಟು. ನೆರೆ ಅಂದರೆ ಯಾವ ನೆರೆ ಎಂದೂ ವಿಚಾರಿಸಬೇಕು. ನೇತ್ರಾವತಿ 1923ರಲ್ಲೂ ಉಕ್ಕಿತ್ತು, 1974ರಲ್ಲೂ ಉಕ್ಕಿತ್ತು. ನಡುವೆ ಐವತ್ತು ವರ್ಷ, ಎರಡು ತಲೆಮಾರು.

ಹೆಸರಿನದ್ದೇ ದೊಡ್ಡ ತೊಡಕು. ಮನೆಯಲ್ಲಿ ಅದ್ರಾಮ, ಕಾಗದದಲ್ಲಿ ಅಬ್ದುಲ್ ರಹ್ಮಾನ್. ಮನೆಯಲ್ಲಿ ಪಾತುಮ್ಮ, ಕಾಗದದಲ್ಲಿ ಫಾತಿಮಾ. ಮೊಯಿದ್ದೀನ್ ಎಂಬವರು ಮೊಯ್ದಿನಬ್ಬನೂ ಆಗಬಹುದು, ಇದ್ದಿನಬ್ಬನೂ ಆಗಬಹುದು. ಬರೆದುಕೊಂಡ ಗುಮಾಸ್ತ ಕಿವಿಗೆ ಬಿದ್ದಂತೆ ಬರೆದಿರುತ್ತಾನೆ. ಹಾಗಾಗಿ ಕೇಳುವಾಗ ಎಲ್ಲ ರೂಪಗಳನ್ನೂ ಕೊಡಿ. ಹೆಸರಿನ ಮುಂದಿನ ಇನಿಶಿಯಲ್ ಬಿಡಿಸಿ ಹೇಳಿ. ಒಂದು ಅಕ್ಷರ ಊರಿನದ್ದು, ಇನ್ನೊಂದು ಬಾಪನದ್ದು ಇರಬಹುದು.

ಅಜ್ಜಿಯ ಕಡೆ ಹುಡುಕುವವರಿಗೆ ನಮ್ಮ ಒಂದು ಮಾತು. ನಿಕಾಹ್ ಸಾಮಾನ್ಯವಾಗಿ ಹೆಣ್ಣಿನ ಕಡೆಯ ಜಮಾಅತ್‌ನಲ್ಲಿ ನಡೆಯುವುದರಿಂದ, ನಿಮ್ಮ ಮೊಹಲ್ಲಾದ ಪುಸ್ತಕದಲ್ಲಿ ಇಲ್ಲದ್ದು ಆಕೆಯ ತವರೂರಿನ ಮಸೀದಿಯಲ್ಲಿ ಸಿಗಬಹುದು. ಹಳೆಯ ಪುಟಗಳು ಅರಬಿ-ಮಲಯಾಳಂ ಲಿಪಿಯಲ್ಲಿದ್ದರೆ ಹಿರಿಯ ಉಸ್ತಾದರೊಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿ. ಆ ಲಿಪಿ ಓದಬಲ್ಲವರೂ ಕಡಿಮೆಯಾಗುತ್ತಿದ್ದಾರೆ.

ಭೂಮಿಯ ಕಾಗದ ಇನ್ನೊಂದು ದಾರಿ. 1974ರ ಭೂಸುಧಾರಣೆಯ ಬಳಿಕ ಗೇಣಿದಾರರು ಭೂನ್ಯಾಯ ಮಂಡಳಿಗೆ ಕೊಟ್ಟ ಫಾರಂ 7ರಲ್ಲಿ ಬಾಪನ ಹೆಸರು, ಗ್ರಾಮ ಎಲ್ಲ ಇರುತ್ತದೆ. ಅದಕ್ಕಿಂತ ಹಿಂದಕ್ಕೆ ಹೋಗಬೇಕಿದ್ದರೆ ಒಂದು ನೆನಪಿಡಿ: 1956ರವರೆಗೆ ನಮ್ಮದು ಮದರಾಸು ರಾಜ್ಯದ ದಕ್ಷಿಣ ಕನ್ನಡ. ಆ ಕಾಲದ ಸರ್ಕಾರಿ ಕಡತಗಳು ಚೆನ್ನೈನ ಪತ್ರಾಗಾರದಲ್ಲೂ ಇವೆ. ಅದೇ ವರ್ಷ ಮಂಜೇಶ್ವರ, ಉಪ್ಪಳ, ಕುಂಬಳೆ ಕೇರಳಕ್ಕೆ ಹೋದವು. ಗಡಿಯಾಚೆಯ ನೆಂಟರಲ್ಲಿ ಕೇಳದೆ ನಮ್ಮಲ್ಲಿ ಅನೇಕರ ಮರ ಅರ್ಧದಲ್ಲೇ ನಿಲ್ಲುತ್ತದೆ.

ಕಾಗದ ಹಿಡಿದು ದೂರದ ನೆಂಟರ ಬಾಗಿಲು ತಟ್ಟಿದರೆ ಮೊದಲು ಬರುವ ಸಂಶಯ "ಇವ ಪಾಲು ಕೇಳ್ಲಿಕ್ಕೆ ಬಂದನಾ?" ಎಂಬುದು! ಚಹಾ ಬರುವ ಮೊದಲೇ ವಿಷಯ ಸ್ಪಷ್ಟಪಡಿಸಿ. ನಿಮ್ಮಲ್ಲಿರುವ ಪಟ್ಟಿಯನ್ನು ಮೊದಲು ಅವರ ಮುಂದಿಡಿ, ಆಮೇಲೆ ಅವರದನ್ನು ಕೇಳಿ. ಬದುಕಿರುವವರ ಜನ್ಮದಿನಾಂಕ, ಫೋನ್ ನಂಬರ್, ಹಳೆಯ ತಲಾಖ್, ಸಾಲದ ಸಂಗತಿಗಳನ್ನು ಹಂಚಬೇಡಿ.

ಇನ್ನು ಕೆಲವರು ಶುರುವಿನಲ್ಲೇ ಅರಬ್ ವರ್ತಕರಿಗೆ ಗಂಟು ಹಾಕಿ ಕೆಳಗಿಳಿಯುತ್ತಾರೆ. ಇರಬಹುದು, ಇಲ್ಲದಿರಬಹುದು. ನಮ್ಮ ಪ್ರಕಾರ ಉಮ್ಮನಿಂದ, ಬಾಪನಿಂದ ಒಂದೊಂದೇ ಮೆಟ್ಟಿಲು ಹತ್ತುವುದು ಒಳ್ಳೆಯದು. ಪುರಾವೆ ಮುಗಿದಲ್ಲಿ ಗೆರೆ ಎಳೆದು ನಿಲ್ಲಿಸಿ.

ನಿಜವಾಗಿ ಸಂಕಟದ್ದು ಹೊರದೇಶದ ಕೊಂಡಿ. ರಂಗೂನಿಗೆ, ಕೊಲಂಬೋಗೆ ದುಡಿಯಲು ಹೋಗಿ ಮರಳದವರ ಕಥೆ ನಮ್ಮ ಕರಾವಳಿಯಲ್ಲಿದೆ. 1942ರಲ್ಲಿ ಜಪಾನಿನ ಸೇನೆ ರಂಗೂನ್ ಹಿಡಿದಾಗ ಲಕ್ಷಾಂತರ ಭಾರತೀಯರು ಬರ್ಮಾ ಬಿಟ್ಟರು, ದಾರಿಯಲ್ಲೇ ಸತ್ತವರು ಸಾವಿರಾರು. ಅಲ್ಲೇ ಉಳಿದು ಮದುವೆಯಾದವರ ಮೊಮ್ಮಕ್ಕಳೂ ಇಂದು ತಮ್ಮ ಮೂಲ ಹುಡುಕುತ್ತಿರಬಹುದು. ಅವರ ಕೈಯಲ್ಲಿ ಊರಿನ ಹೆಸರು ಮಾತ್ರ, ನಮ್ಮ ಕೈಯಲ್ಲಿ ಆ ಅಜ್ಜನ ಹೆಸರು ಮಾತ್ರ. ಮನೆಯ ಟ್ರಂಕಿನಲ್ಲಿ ಅಂಥ ಹಳೆಯ ಲಕೋಟೆ, ಫೋಟೊ ಇದ್ದರೆ ಹಿಂಬದಿಯನ್ನೂ ನೋಡಿ. ಸ್ಟುಡಿಯೋದ ಮುದ್ರೆಯಲ್ಲಿ ಬೀದಿಯ ಹೆಸರು ಇರುತ್ತದೆ.