ಹಳೆ ಜಿಪ್ಸಿಗೆ ದೊಡ್ಡ ಟೈರು

ಗುಡ್ಡದ ದಾರಿಯಲ್ಲಿ ಗಾಡಿಯ ಅಡಿ ನೆಲಕ್ಕೆ ಬಡಿಯಿತು ಎಂದರೆ, ಹೆಚ್ಚಿನ ಸಲ ಬಡಿದಿರುವುದು ಆ್ಯಕ್ಸಲ್ಲಿನ ಹೌಸಿಂಗಿನಲ್ಲಿ ಉಬ್ಬಿಕೊಂಡಿರುವ ಡಿಫರೆನ್ಷಿಯಲ್. ಗಾಲಿಗಳ ಜಾಡು ಮಳೆಗಾಲದಲ್ಲಿ ಕೊರೆದು ಆಳವಾಗುತ್ತದೆ, ಎರಡು ಜಾಡುಗಳ ನಡುವಿನ ದಿಣ್ಣೆ ಹಾಗೇ ಉಳಿಯುತ್ತದೆ, ಮತ್ತು ಆ ದಿಣ್ಣೆಗೆ ಮೊದಲು ಸಿಕ್ಕುವುದು ಇದೇ. ಸ್ಪ್ರಿಂಗಿಗೆ ಒಂದು ಪ್ಲೇಟು ಹೆಚ್ಚು ಸೇರಿಸಿ ಗಾಡಿಯನ್ನು ಎಷ್ಟೇ ಎತ್ತರಿಸಿದರೂ ಮೇಲೇಳುವುದು ಚಾಸಿ ಮತ್ತು ಬಾಡಿ ಮಾತ್ರ. ಡಿಫರೆನ್ಷಿಯಲ್ ಇದ್ದಲ್ಲೇ ಇರುತ್ತದೆ. ಅದನ್ನು ನೆಲದಿಂದ ಮೇಲಕ್ಕೆತ್ತಲು ನಮ್ಮ ಊರುಗಳ ಗ್ಯಾರೇಜಿಗೆ ಎಟಕುವ ದಾರಿ ಒಂದೇ, ದೊಡ್ಡ ಟೈರು.

ಟೈರು ಬದಲಿಸುವುದು ಅರ್ಧ ದಿನದ ಕೆಲಸ. ಆದರೆ ಆ ದೊಡ್ಡ ಟೈರು ಸ್ಟೀರಿಂಗಿಗೆ, ಬ್ರೇಕಿಗೆ, ಗೇರಿಗೆ, ಆ್ಯಕ್ಸಲ್ಲಿಗೆ ಒಂದೊಂದಾಗಿ ಹೊರಿಸುವ ಭಾರವನ್ನು ಮೊದಲೇ ಎಣಿಸಿ, ಒಂದೊಂದಕ್ಕೂ ಉತ್ತರ ಹುಡುಕಿ ಆಮೇಲೆ ಸ್ಪ್ಯಾನರ್ ಹಿಡಿಯುವವರನ್ನು ಕಂಡರೆ ನನಗೆ ಬಹಳ ಗೌರವ. ಸಕಲೇಶಪುರ, ಮೂಡಿಗೆರೆ, ಮಡಿಕೇರಿ ಕಡೆಯ ಗ್ಯಾರೇಜುಗಳಲ್ಲಿ ಅಂಥ ಮೇಸ್ತ್ರಿಗಳಿದ್ದಾರೆ. ಅವರ ಕೆಲಸ ಹೇಗಿರುತ್ತದೆ ಎಂಬುದನ್ನು ಮಾರುತಿ ಜಿಪ್ಸಿಯನ್ನು ಮುಂದಿಟ್ಟುಕೊಂಡು ಹೇಳುತ್ತೇನೆ.

ಜಿಪ್ಸಿ 1985ರಲ್ಲಿ 970 ಸಿಸಿ ಎಂಜಿನ್ನಿನೊಡನೆ ಬಂತು. 1996ರಲ್ಲಿ 1298 ಸಿಸಿಯ ಜಿಪ್ಸಿ ಕಿಂಗ್ ಬಂತು. ಸೇನೆ, ಪೊಲೀಸು, ಅರಣ್ಯ ಇಲಾಖೆ, ಕಾಫಿ ತೋಟ, ರ‍್ಯಾಲಿ ಎಲ್ಲ ಕಡೆ ಓಡಿತು. ತೂಕ ಒಂದು ಟನ್ನಿನ ಆಸುಪಾಸು. ಮುಂದೆಯೂ ಹಿಂದೆಯೂ ಪ್ಲೇಟ್ ಸ್ಪ್ರಿಂಗು, ಗಟ್ಟಿ ಹೌಸಿಂಗು. ಬಿಚ್ಚಲು ಕಟ್ಟಲು ಇಷ್ಟು ಸರಳವಾದ ಫೋರ್ ವೀಲ್ ಗಾಡಿ ನಮ್ಮಲ್ಲಿ ಕಡಿಮೆ.

ಇದರ ಮೂಲ ಟೈರು 205/70 ಆರ್15. ಲೆಕ್ಕ ಹಾಕಿದರೆ ಎತ್ತರ 668 ಮಿಲಿಮೀಟರ್. ಅದರ ಬದಲು 235/75 ಆರ್15 ಹಾಕಿದರೆ ಎತ್ತರ ಸುಮಾರು 734 ಆಗುತ್ತದೆ. ಹೆಚ್ಚಿದ 66 ಮಿಲಿಮೀಟರಿನಲ್ಲಿ ಅರ್ಧ ಆ್ಯಕ್ಸಲ್ಲಿನ ಮೇಲೆ ಹೋಗುತ್ತದೆ, ಇನ್ನರ್ಧವೇ ಅಡಿಗೆ ಸಿಗುವುದು. ಅಂದರೆ ಡಿಫರೆನ್ಷಿಯಲ್ ಏರುವುದು 33 ಮಿಲಿಮೀಟರ್, ಒಂದೂಕಾಲು ಇಂಚಿಗಿಂತ ತುಸು ಹೆಚ್ಚು. ಕೇಳಲು ಇದು ಅಲ್ಪ. ಆದರೆ ಕಲ್ಲಿಗೆ ಹೌಸಿಂಗ್ ತಾಗಿ ನಿಲ್ಲುವುದಕ್ಕೂ ಸವರಿಕೊಂಡು ದಾಟುವುದಕ್ಕೂ ನಡುವೆ ಇರುವುದು ಇಷ್ಟೇ ಅಂತರ. 31 ಇಂಚಿನ ಟೈರಿಗೆ ಹೋದರೆ ಸುಮಾರು 60 ಮಿಲಿಮೀಟರ್ ಸಿಗುತ್ತದೆ, ಜೊತೆಗೆ ತೊಂದರೆಗಳೂ ಅಷ್ಟೇ ಬೆಳೆಯುತ್ತವೆ.

ಒಳ್ಳೆಯ ಮೇಸ್ತ್ರಿ ಮೊದಲು ಟೈರಿನ ಮಾತೇ ಆಡುವುದಿಲ್ಲ. ಗಾಡಿಯ ಕೆಳಗೆ ಮಲಗಿ ಚಾಸಿಯ ತುಕ್ಕು ನೋಡುತ್ತಾನೆ, ವಿಶೇಷವಾಗಿ ಸ್ಪ್ರಿಂಗಿನ ಶ್ಯಾಕಲ್ ಕಟ್ಟಿರುವ ಕಡೆ. ಮುಂದಿನ ಗಾಲಿಯನ್ನು ಜಾಕಿನಲ್ಲಿ ಎತ್ತಿ ಮೇಲೆ ಕೆಳಗೆ ಹಿಡಿದು ಅಲ್ಲಾಡಿಸುತ್ತಾನೆ. ಕಿಂಗ್‌ಪಿನ್ ಬೇರಿಂಗು, ವೀಲ್ ಬೇರಿಂಗು, ಟೈ ರಾಡ್ ಎಂಡು, ಸ್ಪ್ರಿಂಗಿನ ಬುಷ್ಷು ಇವುಗಳಲ್ಲಿ ಒಂದು ಸಡಿಲವಿದ್ದರೂ ಸಣ್ಣ ಟೈರು ಅದನ್ನು ಮುಚ್ಚಿಟ್ಟಿರುತ್ತದೆ. ಭಾರದ ಟೈರು ಹಾಕಿದ ಮೊದಲ ದಿನವೇ, ಐವತ್ತು ಅರವತ್ತರ ವೇಗದಲ್ಲಿ ಸ್ಟೀರಿಂಗ್ ಗಡಗಡ ನಡುಗತೊಡಗುತ್ತದೆ. ಆಗ ಟೈರನ್ನು ಬಯ್ದು ಉಪಯೋಗವಿಲ್ಲ. ಹಳೆಯ ಗಾಡಿಯ ಸವೆತವನ್ನು ತೀರಿಸಿಕೊಂಡು ಮುಂದೆ ಹೋಗುವುದೇ ಈ ಕೆಲಸದ ಅರ್ಧ.

ಆಮೇಲೆ ಜಾಗದ ಪ್ರಶ್ನೆ. 235 ಅಗಲದ ಟೈರಿಗೆ ಕನಿಷ್ಠ 6 ಇಂಚು ಅಗಲದ ರಿಮ್ ಬೇಕು. ರಿಮ್ಮಿನ ಆಫ್‌ಸೆಟ್ ಹೆಚ್ಚು ಒಳಗಿದ್ದರೆ ಸ್ಟೀರಿಂಗ್ ತಿರುಗಿಸಿದಾಗ ಟೈರು ಸ್ಪ್ರಿಂಗಿಗೆ ಉಜ್ಜುತ್ತದೆ. ಹೆಚ್ಚು ಹೊರಗಿದ್ದರೆ ಗಾಲಿ ದೊಡ್ಡ ಸುತ್ತು ಹೊಡೆದು ಮಡ್‌ಗಾರ್ಡಿನ ಹಿಂಬದಿಗೆ ಬಡಿಯುತ್ತದೆ, ಬೇರಿಂಗಿನ ಮೇಲೆ ಸನ್ನೆಯ ಭಾರ ಬೀಳುತ್ತದೆ, ಕಲ್ಲಿಗೆ ಸಿಕ್ಕಾಗ ಸ್ಟೀರಿಂಗ್ ಕೈಯಿಂದ ಕಿತ್ತುಕೊಳ್ಳುತ್ತದೆ. ಗಾಡಿ ಅಗಲವಾಗಿ ಕಾಣಲೆಂದು ಸ್ಪೇಸರ್ ಹಾಕಿ ಗಾಲಿಯನ್ನು ಹೊರತಳ್ಳುವುದು ನನಗೆ ಒಪ್ಪಿಗೆಯಿಲ್ಲ.

ಜಾಗ ಸಾಕೇ ಎಂಬುದನ್ನು ಸಮತಟ್ಟು ನೆಲದಲ್ಲಿ ನಿಲ್ಲಿಸಿ ನೋಡಿದರೆ ತಿಳಿಯುವುದಿಲ್ಲ. ಒಂದು ಮುಂಗಾಲಿಯನ್ನು ಎತ್ತರದ ದಿಮ್ಮಿಯ ಮೇಲೆ ಹತ್ತಿಸಿ, ಅದರ ಸ್ಪ್ರಿಂಗು ಪೂರ್ತಿ ಅದುಮಿಕೊಂಡಾಗ, ಸ್ಟೀರಿಂಗನ್ನು ಎಡಕ್ಕೂ ಬಲಕ್ಕೂ ಕೊನೆಯವರೆಗೆ ತಿರುಗಿಸಿ ನೋಡಬೇಕು. ಟೈರಿನ ಅಂಚಿಗೆ ಸೀಮೆಸುಣ್ಣ ಬಳಿದಿದ್ದರೆ ಎಲ್ಲಿ ತಾಗಿತೋ ಅಲ್ಲಿ ಗುರುತು ಉಳಿಯುತ್ತದೆ. ಹಾಗೆಯೇ ಹಿಂಗಾಲಿಗಳಿಗೆ. ತಾಗಿದ ಕಡೆಯಲ್ಲೆಲ್ಲ ಗ್ರೈಂಡರ್ ಹಿಡಿಯುವವರಿದ್ದಾರೆ. ಬಲ್ಲವರು ಮೊದಲು ಬಂಪ್ ಸ್ಟಾಪನ್ನು ತುಸು ಕೆಳಗಿಳಿಸಿ, ಟೈರು ಬಾಡಿಯನ್ನು ಮುಟ್ಟುವ ಮುಂಚೆಯೇ ಹೌಸಿಂಗ್ ನಿಲ್ಲುವಂತೆ ಮಾಡುತ್ತಾರೆ. ಅಷ್ಟಕ್ಕೂ ಆಗದಿದ್ದರೆ ಮಾತ್ರ ಮಡ್‌ಗಾರ್ಡಿನ ಅಂಚನ್ನು ಮಡಚುತ್ತಾರೆ. ಕತ್ತರಿಸುವುದು ಕೊನೆಯ ಮಾತು, ಏಕೆಂದರೆ ಕತ್ತರಿಸಿದ ಅಂಚಿನಿಂದಲೇ ಮುಂದಿನ ಮಳೆಗಾಲದ ತುಕ್ಕು ಶುರುವಾಗುವುದು.

ಗಾಡಿಯನ್ನು ಎತ್ತರಿಸಲೇಬೇಕಾದಾಗ ಎರಡು ಅಗ್ಗದ ದಾರಿಗಳಿವೆ, ಎರಡರಲ್ಲೂ ಎಚ್ಚರ ಬೇಕು. ಒಂದು, ಉದ್ದನೆಯ ಶ್ಯಾಕಲ್. ಜಿಪ್ಸಿಯ ಮುಂದಿನ ಶ್ಯಾಕಲ್ ಸ್ಪ್ರಿಂಗಿನ ಮುಂತುದಿಯಲ್ಲಿದೆ. ಅದನ್ನು ಉದ್ದ ಮಾಡಿದರೆ ಹೌಸಿಂಗ್ ಮುಂದಕ್ಕೆ ವಾಲಿ ಕ್ಯಾಸ್ಟರ್ ಕೋನ ಕಡಿಮೆಯಾಗುತ್ತದೆ, ತಿರುವಿನ ನಂತರ ಸ್ಟೀರಿಂಗ್ ತಾನಾಗಿ ನೇರಕ್ಕೆ ಬರುವುದಿಲ್ಲ. ಸ್ಪ್ರಿಂಗಿಗೂ ಹೌಸಿಂಗಿಗೂ ನಡುವೆ ಬೆಣೆಯಾಕಾರದ ಲೋಹದ ತುಂಡು ಕೊಟ್ಟು ಇದನ್ನು ಸರಿಪಡಿಸುತ್ತಾರೆ. ಇನ್ನೊಂದು, ಹೌಸಿಂಗಿನ ಕೆಳಗಿರುವ ಸ್ಪ್ರಿಂಗನ್ನು ಮೇಲಕ್ಕೆ ತಂದು ಕಟ್ಟುವುದು. ಒಮ್ಮೆಗೇ ನಾಲ್ಕೈದು ಇಂಚು ಸಿಗುತ್ತದೆ. ಆದರೆ ಸ್ಪ್ರಿಂಗ್ ಕೂರುವ ಪೀಠಗಳನ್ನು ಹೊಸದಾಗಿ ವೆಲ್ಡ್ ಮಾಡಬೇಕು, ಪ್ರೊಪೆಲರ್ ಶಾಫ್ಟಿನ ಕೋನ ನೋಡಿ ಪಿನಿಯನ್ನಿನ ಮೂತಿಯನ್ನು ತಿರುಗಿಸಬೇಕು, ಡ್ರ್ಯಾಗ್ ಲಿಂಕ್ ಸ್ಪ್ರಿಂಗಿಗೆ ತಾಗದಂತೆ ಮಾಡಬೇಕು, ಬ್ರೇಕ್ ಹೋಸ್‌ಗಳನ್ನು ಉದ್ದದವಕ್ಕೆ ಬದಲಿಸಬೇಕು. ಗಾಲಿ ಹಳ್ಳಕ್ಕೆ ಪೂರ್ತಿ ಇಳಿದಾಗ ಹೋಸ್ ಬಿಗಿಯಾದರೆ ಅದು ಹರಿಯಲು ತಡವಿಲ್ಲ. ಇಷ್ಟೆಲ್ಲ ಮಾಡಿದರೂ ಗಾಡಿಯ ಭಾರ ಮೇಲೇರಿರುತ್ತದೆ, ಅಡ್ಡ ಇಳಿಜಾರಿನಲ್ಲಿ ಮಗುಚುವ ಭಯ ಹೆಚ್ಚುತ್ತದೆ. ತೋಟದ ಗಾಡಿಗೆ ಇದು ಬೇಡವೆಂದೇ ನನ್ನ ತೀರ್ಮಾನ.

ಬ್ರೇಕಿನ ವಿಷಯವನ್ನು ಬಹಳ ಮಂದಿ ಮರೆಯುತ್ತಾರೆ. ಬ್ರೇಕಿನ ಗಾತ್ರ ಹಿಂದಿನದೇ, 235/75 ಟೈರಿನ ತ್ರಿಜ್ಯ ಸುಮಾರು ಶೇಕಡಾ ಹತ್ತರಷ್ಟು ಹೆಚ್ಚಿದೆ. ಪೆಡಲನ್ನು ಅಷ್ಟೇ ಒತ್ತಿದರೆ ನೆಲದ ಮೇಲೆ ಸಿಗುವ ಹಿಡಿತ ಸುಮಾರು ಅಷ್ಟೇ ಶೇಕಡಾ ಕಡಿಮೆ. ಟೈರಿನ ಹೆಚ್ಚುವರಿ ತೂಕ ಬೇರೆ. ಚಾರ್ಮಾಡಿ ಘಾಟಿಯ ಇಳುಕಲಿನಲ್ಲಿ ಈ ಲೆಕ್ಕ ಕಾಲಿಗೇ ತಿಳಿಯುತ್ತದೆ. ಆದ್ದರಿಂದ ಲೈನಿಂಗು, ವೀಲ್ ಸಿಲಿಂಡರು, ಬೂಸ್ಟರು ಎಲ್ಲ ಸರಿಯಾಗುವವರೆಗೆ ದೊಡ್ಡ ಟೈರು ಗೋಡೆಗೆ ಒರಗಿರಲಿ.

ಗೇರಿನದೂ ಇದೇ ಕತೆ. ಸ್ಪೀಡೋಮೀಟರ್ 60 ತೋರಿಸುವಾಗ ಗಾಡಿ ನಿಜವಾಗಿ 66ರಲ್ಲಿರುತ್ತದೆ, 31 ಇಂಚಿನ ಟೈರಾದರೆ 70 ದಾಟಿರುತ್ತದೆ. ಗೇರುಗಳೆಲ್ಲ ಅಷ್ಟರಮಟ್ಟಿಗೆ ಎತ್ತರವಾದಂತೆ. ಲೋ ಗೇರಿನಲ್ಲಿ ಉಸಿರೆಳೆದು ಹತ್ತುತ್ತಿದ್ದ ಏರಿಗೆ ಈಗ ಕ್ಲಚ್ಚನ್ನು ಅರ್ಧ ಹಿಡಿಯಬೇಕಾಗುತ್ತದೆ, 970 ಸಿಸಿಯ ಹಳೆಯ ಗಾಡಿಯಲ್ಲಂತೂ ಇನ್ನೂ ಹೆಚ್ಚು. ಇದೇ ವಂಶದ ಸುಜುಕಿ ಸಮುರಾಯ್‌ಗೆ ಅಮೆರಿಕದಲ್ಲಿ ಟ್ರಾನ್ಸ್‌ಫರ್ ಕೇಸಿನೊಳಗಿನ ಗೇರುಗಳನ್ನೇ ಬದಲಿಸಿ ಕಳೆದ ಎಳೆತವನ್ನು ಮರಳಿ ಪಡೆಯುತ್ತಾರೆ. ಟೈರಿನ ಹಿಡಿತ ಹೆಚ್ಚಿದಷ್ಟೂ ಆ್ಯಕ್ಸಲ್ ಶಾಫ್ಟಿನ ಮೇಲೆ ತಿರುಚುವ ಬಲ ಹೆಚ್ಚುತ್ತದೆ ಎಂಬುದೂ ನೆನಪಿರಲಿ. ಕಲ್ಲುಗಳ ನಡುವೆ ಸಿಕ್ಕಿಕೊಂಡ ಗಾಲಿಗೆ ಜೋರಾಗಿ ಆ್ಯಕ್ಸಲರೇಟರ್ ಕೊಟ್ಟರೆ ತುಂಡಾಗುವುದು ಅದೇ.

ಇನ್ನು ಅಗಲ. ಐಸ್‌ಲ್ಯಾಂಡಿನವರು ಹಿಮದ ಮೇಲೆ ತೇಲಿಕೊಂಡು ಹೋಗಲು 38, 44 ಇಂಚಿನ ಅಗಲ ಟೈರು ಹಾಕಿ ಗಾಳಿಯನ್ನು ಎರಡು ಮೂರು ಪಿಎಸ್‌ಐವರೆಗೂ ಇಳಿಸುತ್ತಾರೆ. ಅಲ್ಲಿ ಕೆಳಗೆ ಗಟ್ಟಿ ನೆಲವೇ ಸಿಗುವುದಿಲ್ಲ. ನಮ್ಮ ಕೆಮ್ಮಣ್ಣಿನ ಕೆಸರಿನ ಅಡಿಯಲ್ಲಿ ಹೆಚ್ಚಿನ ಕಡೆ ಜಂಬಿಟ್ಟಿಗೆಯೋ ಜಲ್ಲಿಯೋ ಇರುತ್ತದೆ. ಕೆಸರನ್ನು ಸೀಳಿ ಆ ಗಟ್ಟಿ ಪದರವನ್ನು ಮುಟ್ಟುವ ಎತ್ತರದ, ಕಿರಿದಾದ ಟೈರೇ ಇಲ್ಲಿ ಮೇಲು. ಎತ್ತಿನಗಾಡಿಯ ಚಕ್ರ ಎತ್ತರವಾಗಿ, ಕಿರಿದಾಗಿ ಇದ್ದದ್ದನ್ನು ನೆನೆದರೆ ಈ ಮಾತು ಇನ್ನಷ್ಟು ಒಪ್ಪಿಗೆಯಾಗುತ್ತದೆ. ಕೆಸರಿಗಿಳಿಯುವ ಮುಂಚೆ ಗಾಳಿಯನ್ನು 16, 18 ಪಿಎಸ್‌ಐಗೆ ಇಳಿಸಿದರೆ ಟೈರು ನೆಲವನ್ನು ಉದ್ದಕ್ಕೂ ತಬ್ಬಿಕೊಳ್ಳುತ್ತದೆ. ಟಾರು ರಸ್ತೆ ಸಿಕ್ಕೊಡನೆ ಮತ್ತೆ ತುಂಬಿಸಬೇಕು, ಹಾಗಾಗಿ ಸಣ್ಣ ಕಂಪ್ರೆಸರ್ ಗಾಡಿಯಲ್ಲೇ ಇರಬೇಕು.

ಕಾನೂನನ್ನೂ ನೋಡಿಕೊಳ್ಳಿ. ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ ತಯಾರಕರು ಕೊಟ್ಟ ಮೂಲ ವಿವರಗಳಿಗೆ ವಿರುದ್ಧವಾಗುವ ಮಾರ್ಪಾಟು ಸಲ್ಲದು, 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿಹಿಡಿದಿದೆ. ಅಳತೆ ಬದಲಿಸುವ ಮುನ್ನ ಆರ್‌ಟಿಒ ಕಚೇರಿಯಲ್ಲೂ ವಿಮೆಯವರಲ್ಲೂ ಕೇಳಿಕೊಳ್ಳುವುದು ಒಳ್ಳೆಯದು.

ಪೇಟೆಗೂ ತೋಟಕ್ಕೂ ಎರಡಕ್ಕೂ ಓಡುವ ಜಿಪ್ಸಿಗೆ 215/75 ಆರ್15 ಹಾಕಿದರೆ ಹೆಚ್ಚಿನವರ ಕೆಲಸ ನಡೆಯುತ್ತದೆ. ನಿಜವಾಗಿ ಕೆಟ್ಟ ದಾರಿಯಿದ್ದವರಿಗೆ 235/75 ಸಾಕು. ಅದಕ್ಕಿಂತ ದೊಡ್ಡದು ಬೇಕೆನ್ನುವವರಿಗೆ ಬ್ರೇಕು, ಗೇರು, ಆ್ಯಕ್ಸಲ್ ಎಲ್ಲ ಬದಲಿಸುವಷ್ಟು ಹಣ ಮತ್ತು ತಾಳ್ಮೆ ಇರಬೇಕು. ಯಾವ ಅಳತೆಯನ್ನೇ ಆರಿಸಿ, ಟೈರು ಕೊಳ್ಳುವಾಗ ಐದು ಕೊಳ್ಳಿ. ಜಿಪ್ಸಿಯ ಮುಂದಿನ ಹಿಂದಿನ ಆ್ಯಕ್ಸಲ್‌ಗಳ ನಡುವೆ ಡಿಫರೆನ್ಷಿಯಲ್ ಇಲ್ಲ. ಹಳೆಯ ಅಳತೆಯ ಸ್ಟೆಪ್ನಿ ಹಾಕಿಕೊಂಡು ಗಟ್ಟಿ ನೆಲದಲ್ಲಿ ಫೋರ್ ವೀಲ್ ಹಾಕಿ ಓಡಿಸಿದರೆ ಟ್ರಾನ್ಸ್‌ಫರ್ ಕೇಸು ಬಿಗಿದುಕೊಂಡು ಕೆಡುತ್ತದೆ.