ಪ್ರಾಗೈತಿಹಾಸಿಕ ನೇಯ್ಗೆ ಮತ್ತು ಮಗ್ಗದ ತೂಕಗುಂಡುಗಳು

ಭೌತಿಕ ಸಂಸ್ಕೃತಿಯ ಅಧ್ಯಯನಕ್ಕೆ ಬಟ್ಟೆಯು ಒಡ್ಡುವ ತೊಡಕು ವಿಶಿಷ್ಟವಾದುದು. ಮಣ್ಣಿನ ತೇವವು ನೂಲನ್ನು ತಿಂದುಹಾಕುತ್ತದೆ, ಮರದ ಮಗ್ಗವೂ ಕೊಳೆತುಹೋಗುತ್ತದೆ. ಉಳಿಯುವುದು ಕದಿರಿಗೆ ಸಿಕ್ಕಿಸುತ್ತಿದ್ದ ಮಣ್ಣಿನ ಬಿಲ್ಲೆ, ಮೂಳೆಯ ಸೂಜಿ ಮತ್ತು ಮಗ್ಗಕ್ಕೆ ಕಟ್ಟುತ್ತಿದ್ದ ತೂಕಗುಂಡು. ನೋಟಕ್ಕೆ ಕ್ಷುಲ್ಲಕವೆನಿಸುವ ಈ ವಸ್ತುಗಳು ಬಹುಕಾಲ ವಿದ್ವಾಂಸರ ಅವಜ್ಞೆಗೆ ಗುರಿಯಾದವು. 1870ರ ದಶಕದಲ್ಲಿ ಟ್ರಾಯ್ ನೆಲೆಯನ್ನು ಅಗೆದ ಹೈನ್ರಿಕ್ ಶ್ಲೀಮನ್‌ಗೆ ಸಾವಿರಾರು ಕದಿರುಬಿಲ್ಲೆಗಳು ದೊರೆತವು. ಆತ ಅವುಗಳ ಮೇಲಿನ ಗೀರುಗಳಲ್ಲಿ ಧಾರ್ಮಿಕ ಸಂಕೇತಗಳನ್ನು ಹುಡುಕಿದನೇ ಹೊರತು ನೂಲುವ ಕೈಗಳನ್ನಲ್ಲ.

ತೂಕಗುಂಡಿನ ಮಗ್ಗವು ನಾವು ಬಲ್ಲ ಮಗ್ಗಕ್ಕಿಂತ ಭಿನ್ನವಾದುದು. ಗೋಡೆಗೆ ಒರಗಿಸಿದ ಎರಡು ಕಂಬಗಳ ಮೇಲೆ ಅಡ್ಡತೊಲೆಯಿರುತ್ತದೆ. ಹಾಸಿನ ಎಳೆಗಳು ಅದರಿಂದ ಕೆಳಕ್ಕೆ ತೂಗುತ್ತವೆ. ಎಳೆಗಳನ್ನು ಹಿಡಿಹಿಡಿಯಾಗಿ ಕೂಡಿಸಿ ತುದಿಗೆ ಮಣ್ಣಿನ ಅಥವಾ ಕಲ್ಲಿನ ಗುಂಡನ್ನು ಕಟ್ಟಿದರೆ ಹಾಸು ಬಿಗಿಯಾಗಿ ನಿಲ್ಲುತ್ತದೆ. ನೇಯುವವರು ನಿಂತು, ಹೊಕ್ಕಿನ ನೂಲನ್ನು ಮೇಲ್ಮುಖವಾಗಿ ಬಡಿಯುತ್ತ, ಮೇಲಿನಿಂದ ಕೆಳಕ್ಕೆ ನೇಯುತ್ತ ಬರುತ್ತಾರೆ. ಕ್ರಿ.ಪೂ. ಆರನೆಯ ಶತಮಾನದ ಗ್ರೀಕ್ ಎಣ್ಣೆಕುಡಿಕೆಯೊಂದರ ಮೇಲೆ ಇಬ್ಬರು ಸ್ತ್ರೀಯರು ಹೀಗೆ ನೇಯುತ್ತಿರುವ ಚಿತ್ರವಿದ್ದು, ಅದು ಈಗ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಸಂಗ್ರಹಾಲಯದಲ್ಲಿದೆ.

ಬಟ್ಟೆ ಅಳಿದರೂ ಅದರ ಸ್ವರೂಪವನ್ನು ಗುಂಡಿನಿಂದ ಊಹಿಸಬಹುದೆಂಬುದು ಗಮನಾರ್ಹ ಸಂಗತಿ. ಕೋಪನ್‌ಹೇಗನ್ನಿನಲ್ಲಿ 2005ರಲ್ಲಿ ಸ್ಥಾಪನೆಗೊಂಡ ವಸ್ತ್ರಸಂಶೋಧನಾ ಕೇಂದ್ರದ ವಿದ್ವಾಂಸರು ನುರಿತ ನೇಕಾರರಿಂದ ಪ್ರಯೋಗ ಮಾಡಿಸಿ, ಗುಂಡಿನ ತೂಕ ಮತ್ತು ದಪ್ಪ ಇವೆರಡೇ ನಿರ್ಣಾಯಕವೆಂದು ತೋರಿಸಿದರು. ಉದಾಹರಣೆಗೆ, ತೆಳುವಾದ ಒಂದು ಎಳೆಗೆ 10 ಗ್ರಾಂ ಎಳೆತ ಸಾಕೆಂದಿಟ್ಟುಕೊಂಡರೆ 150 ಗ್ರಾಂ ಗುಂಡು 15 ಎಳೆಗಳನ್ನು ಹಿಡಿಯುತ್ತದೆ. ಗುಂಡುಗಳು ಹಿಂದೆ ಮುಂದೆ ಎರಡು ಸಾಲಾಗಿ ತೂಗುವುದರಿಂದ 2 ಸೆಂಟಿಮೀಟರ್ ದಪ್ಪದ ಜೋಡಿಗುಂಡುಗಳ ಮೇಲೆ 30 ಎಳೆಗಳು ನಿಲ್ಲುತ್ತವೆ. ಎಂದರೆ ಸೆಂಟಿಮೀಟರಿಗೆ 15 ಎಳೆಯ ಬಟ್ಟೆ. ಅದೇ ತೂಕದ ಗುಂಡು 4 ಸೆಂಟಿಮೀಟರ್ ದಪ್ಪವಿದ್ದರೆ ನೇಯ್ಗೆ ಅರ್ಧದಷ್ಟು ವಿರಳವಾಗುತ್ತದೆ. ಗುಂಡಿನ ಆಕಾರವನ್ನಷ್ಟೇ ದಾಖಲಿಸಿ ತೂಕವನ್ನು ಬರೆಯದ ಹಳೆಯ ಉತ್ಖನನ ವರದಿಗಳಿಂದ ಆಗಿರುವ ನಷ್ಟವನ್ನು ಈ ಲೆಕ್ಕವೇ ಹೇಳುತ್ತದೆ.

ಬಿಡಿಯಾಗಿ ದೊರೆತ ತೂತಿನ ಗುಂಡು ಮೀನುಬಲೆಯದೂ ಆಗಿರಬಹುದು. ಅದು ಬಿದ್ದಿದ್ದ ಸ್ಥಾನವೇ ಪ್ರಮಾಣ. ವಿಪರ್ಯಾಸವೆಂದರೆ, ಹಸಿಮಣ್ಣಿನ ಗುಂಡುಗಳು ಗಟ್ಟಿಯಾಗಿ ಉಳಿದುದು ಹೆಚ್ಚಾಗಿ ಬೆಂಕಿಗೆ ಆಹುತಿಯಾದ ಮನೆಗಳಲ್ಲಿ. 1930ರ ದಶಕದಲ್ಲಿ ಕಾರ್ಲ್ ಬ್ಲೆಗೆನ್ ಟ್ರಾಯ್‌ನ ಎರಡನೆಯ ನೆಲೆಯ ಸುಟ್ಟ ಕೋಣೆಯೊಂದರಲ್ಲಿ ಸಾಲಾಗಿ ಉದುರಿದ ಗುಂಡುಗಳನ್ನು ಕಂಡನು. ಸುತ್ತ ಚಿಕ್ಕ ಚಿಕ್ಕ ಚಿನ್ನದ ಮಣಿಗಳು ಚೆದುರಿದ್ದವು. ಅರ್ಧ ನೇಯ್ದ ಬಟ್ಟೆಯನ್ನು ಮಗ್ಗದಲ್ಲೇ ಬಿಟ್ಟು ಯಾರೋ ಓಡಿಹೋಗಿರಬೇಕು.

ಜಾನಪದ ವಿದ್ವಾಂಸರಿಗೆ ಇಲ್ಲಿ ಪ್ರಿಯವಾಗುವ ಹೆಸರು ಮಾರ್ತಾ ಹಾಫ್‌ಮನ್ ಅವರದು. ಅಳಿದುಹೋಯಿತೆಂದು ಭಾವಿಸಿದ್ದ ಈ ಮಗ್ಗವನ್ನು ಅವರು 1950ರ ದಶಕದಲ್ಲಿ ನಾರ್ವೆಯ ಗ್ರಾಮೀಣ ಸ್ತ್ರೀಯರಲ್ಲಿಯೂ ಉತ್ತರದ ಸಾಮಿ ಜನರಲ್ಲಿಯೂ ಜೀವಂತವಾಗಿ ಕಂಡು, 1964ರ ತಮ್ಮ ಗ್ರಂಥದಲ್ಲಿ ದಾಖಲಿಸಿದರು. ಅಲ್ಲಿ ಗುಂಡಿನ ಬದಲು ಕಲ್ಲುಗಳನ್ನು ಕಟ್ಟಿ ದಪ್ಪ ಉಣ್ಣೆಯ ಹೊದಿಕೆಗಳನ್ನು ನೇಯುತ್ತಿದ್ದರು. ಅಗೆತದಲ್ಲಿ ಇಂಥ ಕಲ್ಲು ಸಿಕ್ಕರೆ ಅದನ್ನು ಮಗ್ಗದ ಅಂಗವೆಂದು ಗುರುತಿಸುವವರಾರು?

ಈ ಪ್ರಶ್ನೆ ನಮ್ಮ ನೆಲಕ್ಕೆ ಇನ್ನಷ್ಟು ಅನ್ವಯಿಸುತ್ತದೆ. ಮೆಹರ್‌ಗಢದ ತಾಮ್ರದ ಮಣಿಯೊಳಗೆ ಹತ್ತಿಯ ಎಳೆಯೂ ಮಹಾರಾಷ್ಟ್ರದ ಚಾಂದೋಲಿಯ ತಾಮ್ರದ ಮಣಿಗಳಲ್ಲಿ ಅಗಸೆನಾರಿನ ದಾರವೂ ಉಳಿದುಬಂದವು; ಅವನ್ನು ಕಾಪಾಡಿದ್ದು ತಾಮ್ರದ ಕಿಲುಬು. ನೂಲಿಗೆ ಹೀಗೆ ಸಾಕ್ಷ್ಯವಿದ್ದರೂ ಮಗ್ಗಕ್ಕೆ ಸಾಕ್ಷ್ಯ ವಿರಳ. ನಮ್ಮ ಕುಣಿಮಗ್ಗದಲ್ಲಾಗಲಿ ಕುರುಬರ ಕಂಬಳಿಮಗ್ಗದಲ್ಲಾಗಲಿ ಹಾಸು ನೆಲಕ್ಕೆ ಸಮಾಂತರವಾಗಿ, ಗೂಟ ಹಗ್ಗಗಳ ಬಿಗಿತದಿಂದ ನಿಲ್ಲುತ್ತದೆ. ತೂಕಗುಂಡಿನ ಅಗತ್ಯವೇ ಇಲ್ಲ. ಗುಂಡು ಸಿಗಲಿಲ್ಲವೆಂದು ನೇಯ್ಗೆಯೇ ಇರಲಿಲ್ಲವೆನ್ನುವುದು ಸರಿಯಾಗದು. ನೆಲ ಅಗೆಯುವವರು ಇಲ್ಲಿ ಹುಡುಕಬೇಕಾದುದು ಎದುರುಬದುರಾದ ಗೂಟದ ಕುಳಿಗಳನ್ನು, ಕಾಲು ಇಳಿಬಿಡುವಷ್ಟು ಆಳದ ತಗ್ಗನ್ನು. ಅವುಗಳ ಅಳತೆಯನ್ನು ಇಂದಿಗೂ ಬಾಯಲ್ಲಿ ಹೇಳಬಲ್ಲ ನೇಕಾರರು ನಮ್ಮ ಊರುಗಳಲ್ಲಿ ಇದ್ದಾರೆ.