ಮತದಾರರ ಶಿಕ್ಷಣ ಮತ್ತು ಸಂಘಗಳ ಕಡತಗಳು: ಮಾಲೂರಿನ ನಿದರ್ಶನ

ಮಾಲೂರು ಕ್ಷೇತ್ರದಲ್ಲಿ 2023ರ ಮೇ ತಿಂಗಳಿನಲ್ಲಿ ನಡೆದ ವಿಧಾನಸಭಾ ಚುನಾವಣೆಯು 248 ಮತಗಳ ಅಂತರದಿಂದ ನಿರ್ಣಯವಾಯಿತು. ಸೋತ ಅಭ್ಯರ್ಥಿಯು ಎಣಿಕೆಯನ್ನು ಪ್ರಶ್ನಿಸಿ ಉಚ್ಚ ನ್ಯಾಯಾಲಯಕ್ಕೆ ಹೋದಾಗ ಎಣಿಕೆಯ ವಿಡಿಯೊ ಚಿತ್ರಣವು ಹಾಜರಾಗಲಿಲ್ಲ. 2025ರ ಸೆಪ್ಟೆಂಬರಿನಲ್ಲಿ ಆ ನ್ಯಾಯಾಲಯವು ಆಯ್ಕೆಯನ್ನು ಅಸಿಂಧುವೆಂದು ಸಾರಿ ಮರು ಎಣಿಕೆಗೆ ಆದೇಶಿಸಿತು; ಮರುತಿಂಗಳು ಸರ್ವೋಚ್ಚ ನ್ಯಾಯಾಲಯವು ಅಸಿಂಧುವಾದ ಭಾಗಕ್ಕೆ ತಡೆಕೊಟ್ಟು ಮರು ಎಣಿಕೆಗೆ ಅನುಮತಿಯಿತ್ತಿತು. ವಾದದ ಗುಣಾವಗುಣಗಳು ನ್ಯಾಯಾಲಯಕ್ಕೆ ಸೇರಿದವು. ಚರಿತ್ರೆಯ ವಿದ್ಯಾರ್ಥಿಗೆ ಏಳುವ ಪ್ರಶ್ನೆ ಬೇರೆ. ಎರಡು ವರ್ಷಗಳ ಹಿಂದಿನ ಸಂಗತಿಗೇ ಸಾಕ್ಷ್ಯವು ದೊರೆಯದಿದ್ದರೆ, ಈ ಸೀಮೆಯ ಜನ ಮತ ಹಾಕಲು ಕಲಿತ ಬಗೆಯನ್ನು ಯಾವ ಆಧಾರದ ಮೇಲೆ ಬರೆಯಬೇಕು?

ಸರ್ಕಾರಿ ಕಡತಗಳು ಇದಕ್ಕೆ ಸಾಲವು. 1961ರ ಚುನಾವಣಾ ನಿಯಮಗಳ ಪ್ರಕಾರ ಉಪಯೋಗಿಸದ ಮತಪತ್ರಗಳನ್ನು ಆರು ತಿಂಗಳೂ, ಮೊಹರು ಮಾಡಿದ ಇತರ ಪೊಟ್ಟಣಗಳನ್ನು ಒಂದು ವರ್ಷವೂ ಇರಿಸಿಕೊಂಡು, ಬೇರೆ ಆಜ್ಞೆಯಿಲ್ಲದಿದ್ದರೆ ನಾಶಪಡಿಸಬೇಕು. ಮತದ ಗೋಪ್ಯತೆಯ ದೃಷ್ಟಿಯಿಂದ ಇದು ಯುಕ್ತವೇ. ಆದರೆ ಕೊನೆಗೆ ಉಳಿಯುವುದು ಅಂಕಿಗಳು ಮಾತ್ರ.

ಅಂಕಿಗಳ ಹಿಂದೆ ದೊಡ್ಡದೊಂದು ಕಲಿಕೆಯಿತ್ತು. ಮೈಸೂರು ಸಂಸ್ಥಾನದ ಪ್ರಜಾಪ್ರತಿನಿಧಿ ಸಭೆಯು 1881ರಲ್ಲಿ ಹುಟ್ಟಿ, 1891ರಿಂದ ಚುನಾವಣೆಯನ್ನು ಕಂಡಿತಾದರೂ ಮತದ ಹಕ್ಕು ಆಸ್ತಿ, ವಿದ್ಯೆಗಳುಳ್ಳ ಕೆಲವರದಾಗಿತ್ತು. 1951-52ರ ಮಹಾಚುನಾವಣೆಯಲ್ಲಿ ಒಬ್ಬೊಬ್ಬ ಅಭ್ಯರ್ಥಿಗೂ ಚಿಹ್ನೆ ಅಂಟಿಸಿದ ಪ್ರತ್ಯೇಕ ಪೆಟ್ಟಿಗೆಯಿತ್ತು. ಚೀಟಿಯ ಮೇಲೆ ಏನನ್ನೂ ಗುರುತಿಸದೆ ಬೇಕಾದ ಪೆಟ್ಟಿಗೆಗೆ ಹಾಕಿದರಾಯಿತು. 1962ರ ವೇಳೆಗೆ ಒಂದೇ ಮತಪತ್ರದಲ್ಲಿ ಗುರುತೊತ್ತುವ ಕ್ರಮ ಬಂದಿತು. 2004ರ ಲೋಕಸಭಾ ಚುನಾವಣೆಯು ಪೂರ್ಣವಾಗಿ ಮತಯಂತ್ರದಲ್ಲಿ ನಡೆಯಿತು. ಪ್ರತಿ ಸಲವೂ ಹಿಂದಿನ ಪಾಠವನ್ನು ಮರೆತು ಹೊಸತನ್ನು ಕಲಿಯಬೇಕಾಯಿತು.

ಕಲಿಸಿದವರು ಅಧಿಕಾರಿಗಳಷ್ಟೇ ಅಲ್ಲ. ನೆರೆಯ ಮುಳಬಾಗಿಲಿನಲ್ಲಿ ಹುಟ್ಟಿದ ಡಿ. ವಿ. ಗುಂಡಪ್ಪನವರು 1945ರಲ್ಲಿ ಬೆಂಗಳೂರಿನಲ್ಲಿ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಯನ್ನು ಸ್ಥಾಪಿಸಿದುದು ಪೌರಶಿಕ್ಷಣಕ್ಕಾಗಿಯೇ. ಅಂಥ ಸಂಸ್ಥೆಯ ಪ್ರಕಟಣೆಗಳು ಪುಸ್ತಕಭಂಡಾರಗಳನ್ನು ಸೇರುತ್ತವೆ. ತಾಲ್ಲೂಕಿನ ಮಹಿಳಾ ಸಮಾಜ, ಯುವಕ ಸಂಘಗಳ ನಡವಳಿ ಪುಸ್ತಕಕ್ಕೆ ಆ ಭಾಗ್ಯವಿಲ್ಲ. 1960ರ ಸಂಘಗಳ ನೋಂದಣಿ ಅಧಿನಿಯಮದಂತೆ ಆಡಳಿತ ಮಂಡಲಿಯ ಪಟ್ಟಿಯೂ ಲೆಕ್ಕಪತ್ರವೂ ವರ್ಷವರ್ಷ ನೋಂದಣಾಧಿಕಾರಿಗೆ ಸಲ್ಲುತ್ತವೆ. ಸಭೆಯಲ್ಲಿ ಯಾರು ಏನೆಂದರೆಂಬುದು ಕಾರ್ಯದರ್ಶಿಯ ಮನೆಯ ಟ್ರಂಕಿನಲ್ಲಿಯೇ ಉಳಿಯುತ್ತದೆ. ಮನೆಗೆ ಸುಣ್ಣ ಬಳಿಯುವ ದಿನ ಅದರ ಗತಿಯೇನೆಂಬುದನ್ನು ಬಲ್ಲೆವು.

ಈ ಕೆಲಸಕ್ಕೆ ಕಾಲೇಜು ತಕ್ಕ ಸ್ಥಳ. ಮೂಲವನ್ನು ಒಡೆಯರಿಗೆ ಹಿಂದಿರುಗಿಸಿ ಪ್ರತಿಚಿತ್ರವನ್ನು ಇರಿಸಿಕೊಂಡರೂ ಸಾಕು. ತುಕ್ಕು ಹಿಡಿದ ಗುಂಡುಸೂಜಿಗಳನ್ನು ತೆಗೆಯಬೇಕು; ಲ್ಯಾಮಿನೇಷನ್ ಮಾಡಿಸಲೇಬಾರದು, ಅದು ಕಾಗದವನ್ನು ಕೆಡಿಸುತ್ತದೆ. ಒಂದು ಪಕ್ಷದ ಕರಪತ್ರವನ್ನು ಇಟ್ಟು ಇನ್ನೊಂದರದನ್ನು ಬಿಡುವುದು ಸಂಗ್ರಹವಲ್ಲ. ಕರಪತ್ರದ ಚಿತ್ರ ತೆಗೆಯುವಾಗ ಅಡಿಯ ಸಣ್ಣಕ್ಷರದ ಸಾಲನ್ನು ಕತ್ತರಿಸದಿರಲಿ. ಚುನಾವಣಾ ಕರಪತ್ರದಲ್ಲಿ ಮುದ್ರಕ, ಪ್ರಕಾಶಕರ ಹೆಸರು ವಿಳಾಸಗಳಿರಬೇಕೆಂಬುದು ಕಾನೂನು. ಪಕ್ಷಾತೀತವೆಂದು ಹೇಳಿಕೊಂಡ ಉಪದೇಶದ ಹಿಂದೆ ಯಾರಿದ್ದರೆಂಬುದಕ್ಕೆ ಅನೇಕ ವೇಳೆ ಆ ಸಾಲೊಂದೇ ಸುಳಿವು.

ಕಾಗದಕ್ಕಿಂತ ಬೇಗ ಮರೆಯಾಗುತ್ತಿರುವುದು ನೆನಪು. ಮೊದಲ ಮಹಾಚುನಾವಣೆಯಲ್ಲಿ ಮತಕ್ಕೆ 21 ವರ್ಷ ತುಂಬಿರಬೇಕಿತ್ತು. ಅದು 18ಕ್ಕೆ ಇಳಿದುದು 1989ರಲ್ಲಿ. ಅಂದು ಪೆಟ್ಟಿಗೆಗೆ ಚೀಟಿ ಹಾಕಿದವರು ಈಗ ಬದುಕಿದ್ದರೆ 90ನ್ನು ದಾಟಿದವರು. ವಿದ್ಯಾರ್ಥಿಗಳು ತಮ್ಮ ಊರಿನಲ್ಲಿ ಅಂಥವರಿದ್ದರೆ ಈ ರಜೆಯಲ್ಲಿಯೇ ಹೋಗಿ, ಯಾರು ಹೇಳಿಕೊಟ್ಟರು, ಯಾವ ಚಿಹ್ನೆಗಳನ್ನು ಕಂಡರು ಎಂದು ಕೇಳಿ, ಅವರಾಡಿದ ಮಾತಿನಲ್ಲಿಯೇ ಬರೆದುಕೊಳ್ಳಬೇಕು. ಈ ಸೀಮೆಯಲ್ಲಿ ಆ ಮಾತು ತೆಲುಗಾಗಿದ್ದರೆ ತೆಲುಗಿನಲ್ಲಿಯೇ.